ಗೊರಕೆ ನಿಂತಿತು, ಉಸಿರು ತಡೆಯತೊಡಗಿತು: ಸಿಪ್ಯಾಪ್ ಜೊತೆ ಬಂದ ಸೆಂಟ್ರಲ್ ಆಪ್ನಿಯಾದ ಒಂದು ಪ್ರಕರಣ

"ಗೊರಕಿ ನಿಂತೈತಿ ತಮ್ಮಾ. ಆದ್ರ ಈಗ ಉಸಿರೇ ನಿಂತಂಗ ಆಗ್ತೈತಿ. ನಾ ರಾತ್ರಿ ಎಲ್ಲಾ ಎದ್ದು ಕುಂತ ಇರ್ತೀನಿ."

ಕಾಕು ನನ್ನ ಟೇಬಲ್ ಮುಂದೆ ಕೂತು ಹೇಳಿದ ಮೊದಲ ಮಾತು ಇದು. ನಿದ್ರೆಯಲ್ಲಿ ಗಂಟಲು ಮುಚ್ಚದಂತೆ ಮಾಸ್ಕಿನಿಂದ ಗಾಳಿ ಒತ್ತುವ ಗಂಡನ ಸಿಪ್ಯಾಪ್ ಮಷಿನ್ನನ್ನು ಹಳೇ ಇಳಕಲ್ ಸೀರೆಯಲ್ಲಿ ಸುತ್ತಿ, ಕೈಚೀಲದಲ್ಲಿಟ್ಟು ತಂದಿದ್ದರು. ಪಕ್ಕದಲ್ಲಿ ಕಾಕಾ ಸುಮ್ನೆ ಕೂತಿದ್ದರು. ಕೂತಲ್ಲೇ ಅವರ ಕಣ್ಣು ಮುಚ್ಚಿಕೊಳ್ಳುತ್ತಿತ್ತು.

ನಾನು ವಿಜಯಪುರದಲ್ಲಿ ಎದೆರೋಗದ ವೈದ್ಯರೊಬ್ಬರ ಜೊತೆ ಕೆಲಸ ಮಾಡುತ್ತೇನೆ. ನಿದ್ರೆಯಲ್ಲಿ ಉಸಿರು ಕಟ್ಟುವವರಿಗೆ ಮಷಿನ್ ಹೊಂದಿಸುವುದು, ಅದರ ದಾಖಲೆ ಓದುವುದು ನನ್ನ ಕೆಲಸ. ಈ ಪ್ರಕರಣವನ್ನು ಪೂರ್ತಿಯಾಗಿ ಬರೆದಿಡಬೇಕು ಅನಿಸಿತು. ಇಂಥವರು ನಮ್ಮ ಕಡೆ ಇನ್ನೂ ಇದ್ದಾರೆ. "ಮಷಿನ್ ಹಾಕಿದ್ರೂ ಸಮ ಆಗಲಿಲ್ಲ" ಅಂತ ಅದನ್ನು ಕಪಾಟಿನ ಮೇಲೆ ಎತ್ತಿಟ್ಟವರನ್ನು ನಾನೇ ನೋಡಿದ್ದೇನೆ. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.

ಬಂದಾಗ ಹೇಗಿದ್ದರು

ಕಾಕಾಗೆ 58 ವರ್ಷ. ತಿಕೋಟಾ ಕಡೆಯ ಹಳ್ಳಿ. ನಾಲ್ಕು ಎಕರೆ ದ್ರಾಕ್ಷಿ ಇದೆ, ಮಣೂಕ (ಒಣದ್ರಾಕ್ಷಿ) ಮಾಡುವ ಶೆಡ್ ಇದೆ. ತೂಕ 96 ಕೆ.ಜಿ., ಎತ್ತರ 168 ಸೆಂ.ಮೀ. ಕುತ್ತಿಗೆಯ ಸುತ್ತಳತೆ 43 ಸೆಂ.ಮೀ. ಬಿಪಿಗೆ ಎರಡು ಮಾತ್ರೆ. ಸಕ್ಕರೆ ಕಾಯಿಲೆ ಇಲ್ಲ, ಕುಡಿತ ಇಲ್ಲ.

ಗೊರಕೆ ಇಪ್ಪತ್ತು ವರ್ಷದ್ದು. ಅದನ್ನು ಯಾರೂ ಕಾಯಿಲೆ ಅಂತ ಎಣಿಸಿರಲಿಲ್ಲ. ಒಂದು ಮಧ್ಯಾಹ್ನ ಬೈಕ್ ಮೇಲೆ ಬರುವಾಗ ಎರಡು ಕ್ಷಣ ಕಣ್ಣು ಮುಚ್ಚಿ ರಸ್ತೆ ಬದಿಯ ಜಾಲಿ ಪೊದೆಗೆ ಇಳಿದರು. ಆಮೇಲೆ ಮಗ ಹಟ ಹಿಡಿದು ಬೆಳಗಾವಿಗೆ ಕರೆದುಕೊಂಡು ಹೋಗಿ ರಾತ್ರಿ ನಿದ್ರೆಯ ಪರೀಕ್ಷೆ ಮಾಡಿಸಿದ. ಎದೆಗೆ, ಹೊಟ್ಟೆಗೆ ಬೆಲ್ಟ್ ಕಟ್ಟಿ, ತಲೆಗೆ ತಂತಿ ಅಂಟಿಸಿ ಮಾಡುವ ಪೂರ್ತಿ ಪರೀಕ್ಷೆ ಅದು. ಎಎಚ್‌ಐ 46 ಬಂತು. ಅಂದರೆ ಗಂಟೆಗೆ 46 ಸಲ ಉಸಿರು ನಿಂತಿದೆ ಅಥವಾ ತೀರಾ ಕಡಿಮೆಯಾಗಿದೆ. 5ರ ಒಳಗಿದ್ದರೆ ಸರಿ, 30 ದಾಟಿದರೆ ತೀವ್ರ. ಆಮ್ಲಜನಕ 76ಕ್ಕೆ ಇಳಿದಿತ್ತು. ಆ 46ರಲ್ಲಿ 44 ಗಂಟಲು ಮುಚ್ಚಿಕೊಂಡು ಆದವು. ಗಂಟಲು ತೆರೆದಿದ್ದರೂ ಮೆದುಳು ಹೇಳದೆ ಉಸಿರು ನಿಂತದ್ದು, ಅಂದರೆ ಸೆಂಟ್ರಲ್ ಆಪ್ನಿಯಾ, ಬರೀ 2. ಈ ಎರಡು ಅನ್ನುವ ಅಂಕಿಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಆಗಸ್ಟ್‌ನಲ್ಲಿ ಮಷಿನ್ ಬಂತು. ಆಟೋ ಮೋಡ್, ಅಂದರೆ ಗಾಳಿಯ ಒತ್ತಡವನ್ನು 6ರಿಂದ 16ರ ನಡುವೆ ಮಷಿನ್ನೇ ಏರಿಸಿ ಇಳಿಸುತ್ತದೆ. ಗೊರಕೆ ಮೊದಲ ರಾತ್ರಿಯೇ ನಿಂತಿತು. ಮನೆಯವರೆಲ್ಲ ಖುಷಿಪಟ್ಟರು. ಆದರೆ ಮಷಿನ್ ಪರದೆಯ ಮೇಲೆ ದಿನಾ ಬೆಳಿಗ್ಗೆ ಎಎಚ್‌ಐ 18, 17, 19 ಅಂತ ಬರುತ್ತಿತ್ತು. ಮಗ ಮಷಿನ್ ಮಾರಿದವರಿಗೆ ಫೋನ್ ಮಾಡಿದ. ಅವರು ಫೋನ್‌ನಲ್ಲೇ "ಒತ್ತಡ ಸಾಲುತ್ತಿಲ್ಲ, ಜಾಸ್ತಿ ಮಾಡಿ" ಅಂದರು. ಮೆನುವಿಗೆ ಹೋಗುವ ದಾರಿಯನ್ನೂ ಹೇಳಿಕೊಟ್ಟರು. 6–16 ಇದ್ದದ್ದನ್ನು 10–20ಕ್ಕೆ ಏರಿಸಿದರು. ಮರುವಾರ ಎಎಚ್‌ಐ 26 ಆಯಿತು. ಮತ್ತೆ ಫೋನ್ ಮಾಡಿದಾಗ ಬಂದ ಉತ್ತರ, "ಹಾಗಾದ್ರೆ ಇದಕ್ಕಿಂತ ದೊಡ್ಡ ಮಷಿನ್ ಬೇಕಾಗ್ತದೆ." ಅದರ ಬೆಲೆ ಲಕ್ಷ ದಾಟುತ್ತದೆ. ಆಗ ಕಾಕು ಇದ್ದ ಮಷಿನ್ನನ್ನೇ ಸೀರೆಯಲ್ಲಿ ಸುತ್ತಿಕೊಂಡು ನಮ್ಮಲ್ಲಿಗೆ ಬಂದರು.

ಕಾರ್ಡಿನಲ್ಲಿ ಕಂಡದ್ದು

ಮಷಿನ್ ಪಕ್ಕದಲ್ಲಿ ಒಂದು ಸಣ್ಣ ಮೆಮೊರಿ ಕಾರ್ಡ್ ಇರುತ್ತದೆ. ಪರದೆಯ ಮೇಲೆ ಬರುವುದು ಒಂದೇ ಅಂಕಿ. ಕಾರ್ಡಿನಲ್ಲಿ ಪ್ರತಿ ಉಸಿರಿನ ಗೆರೆಯೂ ಇರುತ್ತದೆ. ಕಾರ್ಡ್ ತೆಗೆದು ಕಂಪ್ಯೂಟರಿಗೆ ಹಾಕಿದೆ.

ಮೊದಲ ವಾರದ ಆ 18ರಲ್ಲಿ ಗಂಟಲು ಮುಚ್ಚಿದ್ದು 2, ಉಸಿರು ಕಡಿಮೆಯಾದದ್ದು 2. ಉಳಿದ 14ಕ್ಕೆ ಮಷಿನ್ 'ಸಿಎ' ಅಂತ, ಅಂದರೆ ಗಂಟಲು ತೆರೆದಿದ್ದೂ ಉಸಿರು ನಿಂತದ್ದು ಅಂತ, ಗುರುತು ಹಾಕಿತ್ತು. ಒತ್ತಡ ಏರಿಸಿದ ಮೇಲಿನ 26ರಲ್ಲಿ ಸಿಎ 23. ಅಂದರೆ ಮಷಿನ್ ತನಗೆ ಕೊಟ್ಟ ಕೆಲಸವನ್ನು ಚೆನ್ನಾಗೇ ಮಾಡುತ್ತಿತ್ತು. ಗಂಟಲು ತೆರೆದೇ ಇತ್ತು. ತೆರೆದ ಗಂಟಲಿನಲ್ಲಿ ಕಾಕಾ ಉಸಿರಾಡುತ್ತಿರಲಿಲ್ಲ.

ಇದನ್ನು ಕಾಕಾಗೆ ಹೇಗೆ ಹೇಳುವುದು? ಅವರದೇ ತೋಟದ ಪೈಪ್ ನೆನಪಾಯಿತು. ನೀರು ಹಾಯಿಸಲು ಸುತ್ತಿ ಒಯ್ಯುವ ಮೆತ್ತನೆ ಪೈಪ್ ಇರುತ್ತದಲ್ಲ, ಒಳಗೆ ನೀರಿನ ಒತ್ತಡ ಇದ್ದರೆ ದುಂಡಗೆ ನಿಲ್ಲುತ್ತದೆ, ಇಲ್ಲದಿದ್ದರೆ ಚಪ್ಪಟೆಯಾಗುತ್ತದೆ. ನಿದ್ರೆಯಲ್ಲಿ ನಮ್ಮ ಗಂಟಲೂ ಹಾಗೇ. ಸಿಪ್ಯಾಪ್ ಗಾಳಿ ಅದನ್ನು ದುಂಡಗೆ ಇಡುತ್ತದೆ. 1981ರಲ್ಲಿ ಆಸ್ಟ್ರೇಲಿಯಾದ ಡಾ. ಕಾಲಿನ್ ಸಲಿವನ್ ಈ ಚಿಕಿತ್ಸೆಯನ್ನು ಮೊದಲು ಪ್ರಕಟಿಸಿದಾಗಲೂ ತತ್ವ ಇಷ್ಟೇ. ಆದರೆ ಪೈಪ್ ತೆರೆದಿದ್ದರೆ ಸಾಕಾ? ಮೋಟಾರ್ ಶುರು ಆಗಬೇಕಲ್ವಾ? ಎದೆ ಅನ್ನುವ ಮೋಟಾರಿಗೆ "ಎಳಿ" ಅಂತ ಹೇಳುವುದು ಮೆದುಳು. ಅದು ಹೇಳುವುದನ್ನೇ ಕೆಲವು ಸೆಕೆಂಡ್ ಬಿಟ್ಟರೆ ಅದು ಸೆಂಟ್ರಲ್ ಆಪ್ನಿಯಾ. ಹತ್ತು ಸೆಕೆಂಡ್ ಅಥವಾ ಅದಕ್ಕಿಂತ ಜಾಸ್ತಿ ನಿಂತರೆ ಒಂದು ಅಂತ ಎಣಿಸುತ್ತೇವೆ.

"ಮತ್ತ ಮೆದುಳು ಯಾಕ ಮರೀತದ?" ಕಾಕಾ ಕೇಳಿದರು. ಒಳ್ಳೆಯ ಪ್ರಶ್ನೆ.

ನಿದ್ರೆಯಲ್ಲಿ ಮೆದುಳು ಹೆಚ್ಚಾಗಿ ರಕ್ತದ ಇಂಗಾಲದ ಡೈಆಕ್ಸೈಡ್ ನೋಡಿಕೊಂಡು ಉಸಿರು ನಡೆಸುತ್ತದೆ. ಟ್ಯಾಂಕಿನ ಫ್ಲೋಟ್ ಇದ್ದ ಹಾಗೆ. ಮಟ್ಟ ಏರಿದರೆ "ಉಸಿರಾಡು" ಅನ್ನುತ್ತದೆ. ಒಂದು ಗೆರೆಯ ಕೆಳಗೆ ಇಳಿದರೆ ಸುಮ್ನಾಗುತ್ತದೆ. ಎಷ್ಟೋ ವರ್ಷ ಮುಚ್ಚಿದ ಗಂಟಲಿನ ವಿರುದ್ಧ ಜಗ್ಗಿ ಜಗ್ಗಿ ಉಸಿರೆಳೆದ ದೇಹಕ್ಕೆ, ಮಷಿನ್ ಬಂದಾಗ ಒಮ್ಮೆಲೇ ದಾರಿ ಸಲೀಸಾಗುತ್ತದೆ. ಹಳೇ ರೂಢಿಯಲ್ಲಿ ಜಾಸ್ತಿ ಉಸಿರಾಡಿ ಇಂಗಾಲದ ಡೈಆಕ್ಸೈಡ್ ಹೊರಗೆ ಹೋಗುತ್ತದೆ, ಗೆರೆಯ ಕೆಳಗೆ ಇಳಿಯುತ್ತದೆ. ಉಸಿರು ನಿಲ್ಲುತ್ತದೆ. ನಿಂತಾಗ ಮತ್ತೆ ತುಂಬಿಕೊಳ್ಳುತ್ತದೆ. ಮೆದುಳು ಗಾಬರಿಯಾಗಿ ನಾಲ್ಕೈದು ದೊಡ್ಡ ಉಸಿರು ಎಳೆಸುತ್ತದೆ. ಮತ್ತೆ ಕೆಳಗೆ. ಹೀಗೆ ಸುತ್ತುತ್ತಲೇ ಇರುತ್ತದೆ.

ಗೆರೆಯಲ್ಲೂ ಅದೇ ಚಿತ್ರ ಕಂಡಿತು. ರಾತ್ರಿ ಎರಡೂವರೆಯ ಹೊತ್ತು. ಸಣ್ಣ ಉಸಿರು, ಸ್ವಲ್ಪ ದೊಡ್ಡದು, ಇನ್ನೂ ದೊಡ್ಡದು, ಮತ್ತೆ ಸಣ್ಣದು, ಆಮೇಲೆ ಸಪಾಟು ಗೆರೆ. ಬೆರಳಿಟ್ಟು ಎಣಿಸಿದೆ. 14 ಸೆಕೆಂಡ್ ಸಪಾಟು. ಆ ಸಪಾಟು ಗೆರೆಯ ಮೇಲೆ ಕೂದಲೆಳೆಯಷ್ಟು ಸಣ್ಣ ನಡುಕ. ಅದು ಕಾಕಾರದಲ್ಲ, ಮಷಿನ್‌ನದು. ಉಸಿರು ನಿಂತಾಗ ಈ ಮಷಿನ್ ಗಾಳಿಯಲ್ಲಿ ಸೆಕೆಂಡಿಗೆ ನಾಲ್ಕು ಸಣ್ಣ ಅಲೆ ಬಿಟ್ಟು, ಗಂಟಲು ತೆರೆದಿದೆಯೋ ಮುಚ್ಚಿದೆಯೋ ಅಂತ ತಟ್ಟಿ ನೋಡುತ್ತದೆ. ತೆರೆದಿದ್ದರೆ 'ಸಿಎ' ಅಂತ ಬರೆಯುತ್ತದೆ. ಅದಕ್ಕೆ ಎದೆ ಕಾಣುವುದಿಲ್ಲ, ಮೆದುಳಂತೂ ಕಾಣುವುದೇ ಇಲ್ಲ. ಹಾಗಾಗಿ 'ಸಿಎ' ಅಂದ ತಕ್ಷಣ ಸೆಂಟ್ರಲ್ ಅಂತ ಕಣ್ಣು ಮುಚ್ಚಿ ನಂಬಬಾರದು. ಎಚ್ಚರದಲ್ಲಿ ಮಗ್ಗಲು ಬದಲಿಸುವಾಗ ಒಂದು ನಿಟ್ಟುಸಿರು ಬಿಟ್ಟು ಹತ್ತು ಸೆಕೆಂಡ್ ತಡೆದರೂ ಮಷಿನ್ ಒಂದು ಸಿಎ ಬರೆದುಬಿಡುತ್ತದೆ. ಕಾಕಾರ ಕಾರ್ಡಿನಲ್ಲಿ ಅಂಥವೂ ಇದ್ದವು, ಹೆಚ್ಚಾಗಿ ಮಲಗಿದ ಮೊದಲ ಅರ್ಧ ಗಂಟೆಯಲ್ಲಿ. ಅವನ್ನು ಬಿಟ್ಟು ಲೆಕ್ಕ ಹಾಕಿದರೂ ಬಹಳಷ್ಟು ಉಳಿಯಿತು.

ಎದೆಯ ಬಗ್ಗೆ ಸಾಕ್ಷಿ ಹೇಳಿದ್ದು ಕಾಕು. "ಮೊದ್ಲ ಉಸಿರು ಕಟ್ಟಿದಾಗ ಹೊಟ್ಟಿ, ಎದಿ ಒದ್ದಾಡ್ತಿತ್ತು. ಈಗ ಏನೂ ಇಲ್ಲ. ಕಲ್ಲಿನಂಗ ಸುಮ್ನ. ಆಮ್ಯಾಲ ತಾನೇ ಶುರು ಆಗ್ತೈತಿ." ಓದು ಬರಹ ಅಷ್ಟಾಗಿ ಇಲ್ಲದ ಹೆಣ್ಣುಮಗಳು ಇದು. ಅಡಚಣೆಯ ಆಪ್ನಿಯಾಗೂ ಸೆಂಟ್ರಲ್ ಆಪ್ನಿಯಾಗೂ ಇರುವ ವ್ಯತ್ಯಾಸವನ್ನು ಪುಸ್ತಕಕ್ಕಿಂತ ಚೆನ್ನಾಗಿ ಹೇಳಿದರು. ನಮ್ಮ ಡಾಕ್ಟರ್ ಅದನ್ನು ಹಾಗೇ ಫೈಲಿನಲ್ಲಿ ಬರೆದುಕೊಂಡರು.

ಮೊದಲು ಹೃದಯ

ಮಷಿನ್ ಮುಟ್ಟುವ ಮೊದಲು ಡಾಕ್ಟರ್ ಎಕೋ (ಹೃದಯದ ಸ್ಕ್ಯಾನ್) ಮಾಡಿಸಿದರು. ಸಿಪ್ಯಾಪ್ ಮೇಲೆ ಹೊಸದಾಗಿ ಸೆಂಟ್ರಲ್ ಕಂಡರೆ ಅದು ಮಷಿನ್‌ಗೆ ದೇಹ ಹೊಂದಿಕೊಳ್ಳುವ ಹಂತವೇ ಇರಬಹುದು. ಆದರೆ ಹೃದಯ ಸೋತಿರುವುದರ ಸುಳಿವೂ ಆಗಬಹುದು. ಹೃದಯದ ತೊಂದರೆಯಲ್ಲಿ ಬರುವ ಏರಿಳಿತದ ಉಸಿರು ಉದ್ದ ಸುತ್ತಿನದು, ಒಂದು ಸುತ್ತಿಗೆ ಸಾಮಾನ್ಯವಾಗಿ 45 ಸೆಕೆಂಡಿಗಿಂತ ಜಾಸ್ತಿ. ರಕ್ತ ನಿಧಾನ ಹರಿಯುವುದರಿಂದ ಸುದ್ದಿ ಮೆದುಳಿಗೆ ತಡವಾಗಿ ಮುಟ್ಟುತ್ತದೆ. ಕಾಕಾರದು ಸುಮಾರು 32 ಸೆಕೆಂಡಿನ ಸುತ್ತು. ಅದು ಸಮಾಧಾನದ ವಿಷಯ. ಆದರೂ ಗೆರೆ ನೋಡಿ ಹೃದಯಕ್ಕೆ ಸರ್ಟಿಫಿಕೇಟ್ ಕೊಡಲು ಆಗುವುದಿಲ್ಲ.

ಎಕೋದಲ್ಲಿ ಹೃದಯ ರಕ್ತ ದೂಡುವ ಪ್ರಮಾಣ ಶೇ. 58, ಅಂದರೆ ಸರಿ. ಇಸಿಜಿಯಲ್ಲಿ ಲಯ ಸರಿ ಇತ್ತು. ಕಿಡ್ನಿ ಸರಿ. ಹಿಂದೆ ಪಾರ್ಶ್ವವಾಯು ಆಗಿಲ್ಲ. ರಕ್ತದ ಬೈಕಾರ್ಬೊನೇಟ್ 24. ಅದು 27 ದಾಟಿದ್ದರೆ ತೂಕದಿಂದ ಹಗಲಲ್ಲೂ ಉಸಿರಾಟ ಸಾಲದೇ ಇರುವ ಬೇರೊಂದು ಕಾಯಿಲೆಯನ್ನು ಹುಡುಕಬೇಕಿತ್ತು. ಮಾತ್ರೆಗಳ ಪಟ್ಟಿಯಲ್ಲಿ ಬಿಪಿಯ ಎರಡೇ.

ಇಲ್ಲಿ ಆ 'ದೊಡ್ಡ ಮಷಿನ್' ಬಗ್ಗೆ ಹೇಳಲೇಬೇಕು. ಅದರ ಹೆಸರು ಎಎಸ್‌ವಿ. ಉಸಿರು ಕಡಿಮೆಯಾದಾಗ ತಾನೇ ಗಾಳಿ ದೂಡಿ, ಜಾಸ್ತಿಯಾದಾಗ ಹಿಂದೆ ಸರಿಯುತ್ತದೆ. ಸೆಂಟ್ರಲ್ ಆಪ್ನಿಯಾ ಹಟ ಹಿಡಿದು ಉಳಿದವರಿಗೆ ಬಹಳ ಒಳ್ಳೆಯ ಮಷಿನ್, ಎರಡು ಮಾತಿಲ್ಲ. ಆದರೆ 2015ರಲ್ಲಿ ಸರ್ವ್-ಎಚ್‌ಎಫ್ ಅನ್ನುವ ದೊಡ್ಡ ಅಧ್ಯಯನದ ಫಲಿತಾಂಶ ಬಂತು. 1,325 ಜನ ಅದರಲ್ಲಿದ್ದರು. ಎಲ್ಲರಿಗೂ ಹೃದಯ ದೂಡುವ ಪ್ರಮಾಣ ಶೇ. 45 ಅಥವಾ ಅದಕ್ಕಿಂತ ಕಡಿಮೆ, ಜೊತೆಗೆ ಹೆಚ್ಚಾಗಿ ಸೆಂಟ್ರಲ್ ಆಪ್ನಿಯಾ. ಎಎಸ್‌ವಿ ಹಾಕಿದವರಲ್ಲಿ ಉಸಿರಿನ ಅಂಕಿ ಚೆನ್ನಾಗಾಯಿತು. ಆದರೆ ಹೃದಯದಿಂದ ಸತ್ತವರು ಜಾಸ್ತಿಯಾದರು. ಇದು ಗೊತ್ತಿದ್ದೂ, ಎಕೋ ಮಾಡಿಸದೆ ಫೋನ್ ಮೇಲೆ "ದೊಡ್ಡ ಮಷಿನ್ ತಗೊಳ್ಳಿ" ಅನ್ನುವುದು ನನಗೆ ನಿಜವಾಗಿ ಸಿಟ್ಟು ಬರಿಸುತ್ತದೆ. ರೈತ ಸಾಲ ಮಾಡಿ ಅದನ್ನು ತರುತ್ತಾನೆ. ಅವನ ಹೃದಯ ಹೇಗಿದೆ ಅಂತ ಒಬ್ಬರೂ ಕೇಳಿರುವುದಿಲ್ಲ.

ಒಂದೊಂದೇ ಬದಲಾವಣೆ

ಡಾಕ್ಟರ್ ಹೇಳಿದ್ದು ಎರಡೇ. ಒತ್ತಡ ಇಳಿಸಿ. ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಆಮೇಲೆ ಒಂದು ವಾರ ಕಾಯಿರಿ.

ಮೊದಲು ಇಪಿಆರ್. ಉಸಿರು ಬಿಡುವಾಗ ಹಾಯೆನಿಸಲಿ ಅಂತ ಮಷಿನ್ ಒತ್ತಡವನ್ನು ಒಂದರಿಂದ ಮೂರು ಅಂಕಿಯಷ್ಟು ಕಡಿಮೆ ಮಾಡುವ ಸೌಲಭ್ಯ ಅದು. ಹೊಸಬರಿಗೆ ಹಿತ ಅನಿಸುತ್ತದೆ. ಆದರೆ ಎಳೆಯುವಾಗ ಜಾಸ್ತಿ, ಬಿಡುವಾಗ ಕಡಿಮೆ ಒತ್ತಡ ಇದ್ದರೆ ಕೆಲವರಲ್ಲಿ ಪ್ರತಿ ಉಸಿರೂ ದೊಡ್ಡದಾಗಿ ಇಂಗಾಲದ ಡೈಆಕ್ಸೈಡ್ ಇನ್ನೂ ಹೆಚ್ಚು ಹೊರಗೆ ಹೋಗುತ್ತದೆ. ಕಾಕಾರ ಮಷಿನ್‌ನಲ್ಲಿ ಅದು 3ರಲ್ಲಿತ್ತು. ಪೂರ್ತಿ ಬಂದ್ ಮಾಡಿದೆವು. ಒತ್ತಡವನ್ನು ಅದೇ ದಿನ ಹಳೇ 6–16ಕ್ಕೆ ತಂದೆವು. ಒಂದೇ ಬದಲಾವಣೆ ಅನ್ನುವ ನಿಯಮ ಇಲ್ಲಿ ಮುರಿಯಿತು, ಆದರೆ 20ರ ತನಕ ಏರುವ ಮಷಿನ್ನನ್ನು ಇನ್ನೊಂದು ವಾರ ಹಾಗೇ ಬಿಡಲು ಡಾಕ್ಟರ್ ಒಪ್ಪಲಿಲ್ಲ. ವಾರದ ನಂತರ ಸಿಎ 23ರಿಂದ 12ಕ್ಕೆ ಬಂತು.

ಎರಡನೆಯದು ಆಟೋ ಬಿಟ್ಟು ಒಂದೇ ಒತ್ತಡ. ರಾತ್ರಿಯಿಡೀ ಒತ್ತಡ ಏರಿ ಇಳಿದರೆ ನಿದ್ರೆ ಒಡೆಯುತ್ತದೆ. ನಿದ್ರೆ ಒಡೆದಾಗಲೆಲ್ಲ ದೊಡ್ಡ ಉಸಿರು, ಅದರ ಹಿಂದೆ ಒಂದು ಸಪಾಟು. ಕಾರ್ಡಿನ ಲೆಕ್ಕದಲ್ಲಿ ಗಂಟಲು ತೆರೆದಿಡಲು 9 ಸಾಕು ಅನಿಸಿತು. 9ಕ್ಕೆ ನಿಲ್ಲಿಸಿದೆವು. ಸಿಎ 10. ಇನ್ನೂ ಇಳಿಸಿದರೆ ಇನ್ನೂ ಒಳ್ಳೆಯದಾ ಅಂತ ಒಂದು ವಾರ 8 ಮಾಡಿ ನೋಡಿದೆವು. ಸಿಎ 8ಕ್ಕೆ ಇಳಿಯಿತು, ಆದರೆ ಗಂಟಲು ಮುಚ್ಚುವುದು 2ರಿಂದ 7ಕ್ಕೆ ಏರಿತು. ಕಾಕು ಫೋನ್ ಮಾಡಿ, "ಗೊರಕಿ ಮತ್ತ ಶುರುವಾತು" ಅಂದರು. ಮತ್ತೆ 9ಕ್ಕೆ ತಂದೆವು. ಮೇಲೆ ಹೋದರೆ ಮೆದುಳು ಸುಮ್ನಾಗುತ್ತದೆ, ಕೆಳಗೆ ಬಂದರೆ ಗಂಟಲು ಮುಚ್ಚುತ್ತದೆ. ನಡುವಿನ ಆ ಇಕ್ಕಟ್ಟಾದ ಜಾಗವನ್ನು ಹುಡುಕಲು ತಾಳ್ಮೆ ಬೇಕು.

ಮೂರನೆಯದು ಮೀಸೆ.

ಕಾಕಾರದು ದೊಡ್ಡ ಮೀಸೆ. ತುದಿಗೆ ದಿನಾ ಎಣ್ಣೆ ಹಚ್ಚಿ ತಿರುವುತ್ತಾರೆ. ಮೂಗಿನ ಮೇಲೆ ಕೂರುವ ಮಾಸ್ಕಿನ ಕೆಳ ಅಂಚು ಸರಿಯಾಗಿ ಆ ಮೀಸೆಯ ಮೇಲೆ ಬರುತ್ತಿತ್ತು. ಗಾಳಿ ಅಲ್ಲಿಂದ ಸುಯ್ ಅಂತ ಹೋಗಿ ಕಣ್ಣಿಗೆ ಹೊಡೆಯುತ್ತಿತ್ತು. ಬೆಳಿಗ್ಗೆ ಕಣ್ಣು ಕೆಂಪಾಗುವುದಕ್ಕೆ ಕಾರಣ ಅದೇ. ಈ ಮಷಿನ್‌ಗೆ ನಿಮಿಷಕ್ಕೆ 24 ಲೀಟರ್ ತನಕ ಸೋರಿಕೆ ಆದರೂ ಅಡ್ಡಿಯಿಲ್ಲ. ಕಾಕಾರದು 38 ಮುಟ್ಟುತ್ತಿತ್ತು. ಸೋರಿಕೆಯಿಂದ ನಿದ್ರೆ ಒಡೆಯುತ್ತದೆ, ಜೊತೆಗೆ ಮಷಿನ್‌ನ ಲೆಕ್ಕವೂ ತಪ್ಪುತ್ತದೆ. ಕಾಕಾರಿಗೆ ಮೀಸೆ ಬೋಳಿಸಿಕೊಳ್ಳಿ ಅಂತ ಮಷಿನ್ ಮಾರಿದವರು ಹೇಳಿದ್ದರಂತೆ. ಅದನ್ನು ಕೇಳಿಯೇ ಅವರಿಗೆ ಈ ಮಷಿನ್ ಸಹವಾಸವೇ ಬೇಡ ಅನಿಸಿಬಿಟ್ಟಿತ್ತು. ನಾನು ಮೂಗಿನ ಹೊಳ್ಳೆಗೆ ನೇರ ಕೂರುವ ಸಣ್ಣ ಮೆತ್ತೆಯ ಮಾಸ್ಕ್ ತೋರಿಸಿದೆ. ಅದು ಮೀಸೆಯ ಮೇಲೆ ಒತ್ತುವುದಿಲ್ಲ. ಕನ್ನಡಿ ಮುಂದೆ ಹಾಕಿಕೊಂಡು ನೋಡಿದರು. ಒಂದು ಕೈಯಲ್ಲಿ ಮೀಸೆ ತುದಿ ಸರಿ ಮಾಡಿಕೊಂಡು, "ಇದು ಅಡ್ಡಿಯಿಲ್ಲ" ಅಂದರು. ಆ ರಾತ್ರಿಯಿಂದ ಸೋರಿಕೆ 10ರ ಆಸುಪಾಸಿಗೆ ಇಳಿಯಿತು. ಎರಡು ವಾರದಲ್ಲಿ ಸಿಎ 6.

ತೋಟದ ಮನೆಯಲ್ಲಿ ರಾತ್ರಿ ಕರೆಂಟ್ ಹೋಗುತ್ತದೆ ಅಂತ ಇನ್ವರ್ಟರ್ ಲೈನ್ ಎಳೆಸಿದರು. ಅಂಗಾತ ಮಲಗಿದಾಗ ಘಟನೆ ಜಾಸ್ತಿ ಕಂಡದ್ದರಿಂದ ಬೆನ್ನ ಹಿಂದೆ ದಿಂಬು ಇಟ್ಟು ಮಗ್ಗಲಿಗೆ ಮಲಗುವ ರೂಢಿ ಮಾಡಿಸಿದೆವು.

ಮಿಕ್ಕಿದ್ದು ಕಾಯುವುದು. ಬರೀ ಕಾಯುವುದು ಚಿಕಿತ್ಸೆಯಾ ಅಂತ ಮಗ ಕೇಳಿದ. ಹೌದು, ಕಾಯುವುದೂ ಚಿಕಿತ್ಸೆಯೇ. 2017ರಲ್ಲಿ ಪ್ರಕಟವಾದ ಒಂದು ಅಧ್ಯಯನ ಸಿಪ್ಯಾಪ್ ಹಾಕುವ 1 ಲಕ್ಷ 33 ಸಾವಿರ ಜನರ ದಾಖಲೆ ನೋಡಿತು. ಶೇ. 3.5ರಷ್ಟು ಜನರಲ್ಲಿ ಹೀಗೆ ಸೆಂಟ್ರಲ್ ಕಂಡಿತು. ಅವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನರಿಗೆ ಮೊದಲು ಕಂಡದ್ದು 13ನೇ ವಾರದ ಹೊತ್ತಿಗೆ ತಾನಾಗಿ ಹೋಗಿತ್ತು. ಸುಮಾರು ಕಾಲು ಭಾಗ ಜನರಲ್ಲಿ ಉಳಿಯಿತು. ಮಿಕ್ಕವರಲ್ಲಿ ಅದು ಮೊದಲು ಇರದೆ ತಡವಾಗಿ ಶುರುವಾಯಿತು. ಅದೇ ಅಧ್ಯಯನ ಇನ್ನೊಂದನ್ನೂ ಹೇಳಿತು. ಸೆಂಟ್ರಲ್ ಕಂಡವರು ಮಷಿನ್ ಬಿಟ್ಟುಬಿಡುವ ಸಂಭವ ಜಾಸ್ತಿ. ನನಗೆ ಹೆದರಿಕೆ ಇದ್ದದ್ದು ಇದರದ್ದೇ. ಸೆಂಟ್ರಲ್‌ಗೆ ಹೆದರಿ ಮಷಿನ್ ತೆಗೆದಿಟ್ಟರೆ ಆ 46 ಮತ್ತೆ ಬರುತ್ತದೆ, ಆಮ್ಲಜನಕ 76ಕ್ಕೆ ಇಳಿಯುತ್ತದೆ, ಬೈಕ್ ಮತ್ತೆ ಜಾಲಿ ಪೊದೆಗೆ ಹೋಗುತ್ತದೆ.

ಕಾಯುವಾಗ ಸುರಕ್ಷಿತವಾ ಅಂತಲೂ ನೋಡಬೇಕಲ್ಲ. ಅದಕ್ಕೆ ಬೆರಳಿಗೆ ಹಾಕುವ, ರಾತ್ರಿಯಿಡೀ ದಾಖಲಿಸುವ ಆಕ್ಸಿಮೀಟರ್ ಕೊಟ್ಟು ಕಳಿಸಿದೆವು. ಕನಿಷ್ಠ 88. ಅದೂ ಕೆಲವೇ ಕ್ಷಣ. ಡಾಕ್ಟರ್ "ಕಾಯೋಣ" ಅಂದದ್ದು ಆ ಕಾಗದ ನೋಡಿದ ಮೇಲೆ.

ಆರನೇ ವಾರ: ಎಎಚ್‌ಐ 6, ಸಿಎ 4. ಹಗಲ ನಿದ್ರೆಯ ಪ್ರಶ್ನಾವಳಿಯಲ್ಲಿ 24ಕ್ಕೆ 17 ಇದ್ದದ್ದು 9 ಆಯಿತು. ಫೈಲ್ ಮುಚ್ಚುವ ಹೊತ್ತು ಬಂತು ಅಂದುಕೊಂಡೆವು.

ಅಕ್ಟೋಬರ್

ದ್ರಾಕ್ಷಿಯವರಿಗೆ ಅಕ್ಟೋಬರ್ ಅಂದರೆ ಚಾಟ್ನಿ. ಬಳ್ಳಿ ಕತ್ತರಿಸಿ ಹಣ್ಣಿಗೆ ಬಿಡುವ ಕಾಲ. ಆ ದಿನಗಳಲ್ಲಿ ಅವರಿಗೆ ಪುರುಸೊತ್ತು ಇರುವುದಿಲ್ಲ ಅಂತ ಗೊತ್ತಿತ್ತು. ನಾನು ಫೋನ್‌ನಲ್ಲೇ ವಿಚಾರಿಸುತ್ತಿದ್ದೆ. "ಮಷಿನ್ ಹಾಕ್ತೀರಾ ಕಾಕಾ?" "ದಿನಾ ಹಾಕ್ತೀನಿ." ಅಷ್ಟೇ ಮಾತು.

ತಿಂಗಳ ಕೊನೆಗೆ ಮಗ ಕಾರ್ಡ್ ತಂದ. ಎಎಚ್‌ಐ 16, ಸಿಎ 13. ನನಗೆ ಎದೆ ಧಸಕ್ ಅಂತು. ಸೋರಿಕೆ ಇಲ್ಲ. ಒತ್ತಡ ಅದೇ 9. ಇಪಿಆರ್ ಬಂದ್ ಆಗಿಯೇ ಇದೆ. ದಿನ ದಿನದ ಪಟ್ಟಿ ತೆಗೆದೆ. ಹತ್ತೊಂಬತ್ತನೇ ತಾರೀಖಿನ ತನಕ 4, 3, 5. ಇಪ್ಪತ್ತಕ್ಕೆ 11. ಆಮೇಲೆ ಇಳಿದೇ ಇಲ್ಲ. ಗೆರೆಯ ಆಕಾರವೂ ಬೇರೆ. ಮೊದಲಿನ ಹಾಗೆ ಏರಿ ಇಳಿಯುವ ಅಲೆ ಇರಲಿಲ್ಲ. ಉಸಿರು ನಿಧಾನ, ಅಳತೆ ತಪ್ಪಿದ್ದು, ನಡುನಡುವೆ ಎಲ್ಲೆಂದರಲ್ಲಿ ನಿಂತದ್ದು. ಡಾಕ್ಟರಿಗೆ ತೋರಿಸಿದೆ. ಅವರು ಗೆರೆ ನೋಡಿ ಒಂದೇ ಪ್ರಶ್ನೆ ಕೇಳಿದರು: "ನೋವಿನ ಮಾತ್ರೆ ಏನಾದ್ರೂ ತಗೊಳ್ತಿದ್ದಾರಾ?"

ಮಗನಿಗೆ ಗೊತ್ತಿರಲಿಲ್ಲ. ಕಾಕುಗೆ ಫೋನ್ ಮಾಡಿದೆವು. ಗೂಟಕ್ಕೆ ನೇತುಹಾಕಿದ್ದ ಅಂಗಿಯ ಜೇಬಿನಿಂದ ಒಂದು ಮಾತ್ರೆ ಪಟ್ಟಿ ತೆಗೆದರು. ಹತ್ತರಲ್ಲಿ ಮೂರು ಉಳಿದಿದ್ದವು. ಮಗಳು ಫೋಟೊ ತೆಗೆದು ಕಳಿಸಿದಳು. ಪ್ಯಾರಾಸಿಟಮಾಲ್ ಜೊತೆ ಟ್ರಮಡಾಲ್.

ಚಾಟ್ನಿಯಲ್ಲಿ ದಿನಪೂರ್ತಿ ಕೈ ಎತ್ತಿ ನಿಂತು ಸೊಂಟ, ಮೊಣಕಾಲು ಹಿಡಿದಿದ್ದವು. ಯಾರೋ ಪರಿಚಯದವರು ತಮಗೆ ಬರೆದುಕೊಟ್ಟಿದ್ದ ಮಾತ್ರೆ ಕೊಟ್ಟಿದ್ದರು. ಎರಡನೇ ಪಟ್ಟಿ ನಡೆಯುತ್ತಿತ್ತು. ರಾತ್ರಿ ಮಲಗುವ ಮುಂಚೆ ಒಂದು, ಕೆಲವು ದಿನ ಎರಡು.

ಟ್ರಮಡಾಲ್ ಅಫೀಮಿನ ಜಾತಿಯ ಔಷಧಿ. ನೋವು ಮರೆಸುವ ಜಾಗದ ಜೊತೆಗೆ ಉಸಿರಿನ ಕೇಂದ್ರವನ್ನೂ ಮಂಕು ಮಾಡುತ್ತದೆ. ಈ ಜಾತಿಯ ಔಷಧಿಗಳಿಂದ ಸೆಂಟ್ರಲ್ ಆಪ್ನಿಯಾ ಬರುವುದು ಚೆನ್ನಾಗಿ ಗೊತ್ತಿರುವ ಸಂಗತಿ. 2018ರಿಂದ ನಮ್ಮ ದೇಶದಲ್ಲಿ ಇದು ಮಾದಕ ವಸ್ತುಗಳ ಕಾಯ್ದೆಯ ಅಡಿ ಬಂದಿದೆ, ಚೀಟಿ ಇಲ್ಲದೆ ಮಾರುವಂತಿಲ್ಲ. ಆದರೆ ಮನೆಯಿಂದ ಮನೆಗೆ, ಜೇಬಿನಿಂದ ಜೇಬಿಗೆ ಹೋಗುವ ಮಾತ್ರೆಗೆ ಯಾವ ಕಾಯ್ದೆ? ಕೊಟ್ಟವರಿಗೂ ಪ್ರೀತಿಯೇ ಇತ್ತು. ಅವರನ್ನು ದೂರುವುದಿಲ್ಲ.

ದೂರಬೇಕಾದ್ದು ನನ್ನನ್ನು. ಆರು ವಾರ ಫೋನ್ ಮಾಡಿದೆ. ಒತ್ತಡ ಕೇಳಿದೆ, ಮಾಸ್ಕ್ ಕೇಳಿದೆ, ಕರೆಂಟ್ ಕೇಳಿದೆ. "ಹೊಸ ಮಾತ್ರೆ ಏನಾದ್ರೂ ಶುರು ಮಾಡಿದ್ರಾ?" ಅಂತ ಒಮ್ಮೆಯೂ ಕೇಳಲಿಲ್ಲ. ಮೊದಲ ದಿನದ ಪಟ್ಟಿಯಲ್ಲಿ ಎರಡೇ ಇದ್ದವು ಅಂತ ಅದನ್ನೇ ನಂಬಿಕೊಂಡೆ. ಚಾಟ್ನಿ ಬಂದರೆ ಸೊಂಟ ನೋವು ಬರುತ್ತದೆ, ನೋವು ಬಂದರೆ ಮಾತ್ರೆ ಬರುತ್ತದೆ. ಈ ಊರಲ್ಲೇ ಹುಟ್ಟಿದ ನನಗೆ ಇದು ಹೊಳೆಯಬೇಕಿತ್ತು.

ತೆಗೆದುಕೊಂಡದ್ದು ಹತ್ತು ಹನ್ನೆರಡು ದಿನ ಮಾತ್ರ ಆಗಿದ್ದರಿಂದ ಡಾಕ್ಟರ್ ಅದನ್ನು ಒಮ್ಮೆಲೇ ನಿಲ್ಲಿಸಿದರು. ತಿಂಗಳುಗಟ್ಟಲೆ ತೆಗೆದುಕೊಂಡವರಾಗಿದ್ದರೆ ಹಾಗೆ ಒಮ್ಮೆಲೇ ನಿಲ್ಲಿಸುವಂತಿಲ್ಲ, ಡಾಕ್ಟರ್ ಕಣ್ಣಿನಡಿ ನಿಧಾನ ಇಳಿಸಬೇಕು. ಬದಲಿಗೆ ಬರೀ ಪ್ಯಾರಾಸಿಟಮಾಲ್, ಬಿಸಿನೀರಿನ ಶಾಖ, ಎಲುಬಿನ ಡಾಕ್ಟರ್ ಹತ್ತಿರ ಒಂದು ಭೇಟಿ. ಬಿಪಿ ಇರುವವರಿಗೆ ಬೇರೆ ನೋವಿನ ಮಾತ್ರೆಗಳೂ ಯೋಚಿಸಿ ಕೊಡಬೇಕಾದವೇ. ಆ ವಾರ ಒತ್ತಡವನ್ನಾಗಲಿ ಮಾಸ್ಕನ್ನಾಗಲಿ ನಾವು ಮುಟ್ಟಲಿಲ್ಲ. ಎಂಟನೇ ದಿನ ಸಿಎ 5.

ಈಗ

ಡಿಸೆಂಬರ್ ಮೊದಲ ವಾರ, ನಮ್ಮಲ್ಲಿ ಶುರು ಮಾಡಿದ 13ನೇ ವಾರ. ಎಎಚ್‌ಐ 3.8. ಸಿಎ 2. ಬೆಳಗಾವಿಯ ಪರೀಕ್ಷೆಯಲ್ಲಿ ಮಷಿನ್ ಇಲ್ಲದೆ ಇದ್ದದ್ದೂ ಅದೇ 2. ರಾತ್ರಿಗೆ ಸರಾಸರಿ ಆರೂವರೆ ತಾಸು ಹಾಕುತ್ತಾರೆ. ದೊಡ್ಡ ಮಷಿನ್ ಬೇಕಾಗಲಿಲ್ಲ. ಬೇಕಾಗಿದ್ದರೆ? ಮೂರು ತಿಂಗಳಾದರೂ ಸಿಎ ಹತ್ತರ ಮೇಲೆ ಉಳಿದು, ಹಗಲ ನಿದ್ರೆ ಹೋಗದೆ, ಆಮ್ಲಜನಕ ಇಳಿಯುತ್ತಿದ್ದರೆ, ಬೆಳಗಾವಿಗೆ ಕಳಿಸಿ ಲ್ಯಾಬಿನಲ್ಲಿ ಒಂದು ರಾತ್ರಿ ಮಲಗಿಸಿ ಎಎಸ್‌ವಿ ಹಾಕಿ ನೋಡುವುದು ಅಂತ ಡಾಕ್ಟರ್ ಮೊದಲೇ ಬರೆದಿಟ್ಟಿದ್ದರು. ಕಾಕಾರ ಎಕೋ ಚೆನ್ನಾಗಿದ್ದರಿಂದ ಆ ದಾರಿ ತೆರೆದೇ ಇತ್ತು.

ಎಲ್ಲವೂ ಸಮ ಆಗಿದೆ ಅಂತ ಹೇಳಲಾರೆ. ತೂಕ ಒಂದೂವರೆ ಕೆ.ಜಿ. ಮಾತ್ರ ಇಳಿದಿದೆ. ಮೊಣಕಾಲು ನೋವು ಹಾಗೇ ಇದೆ, ಏಪ್ರಿಲ್‌ನಲ್ಲಿ ಇನ್ನೊಂದು ಚಾಟ್ನಿ ಇದೆ. ಚಳಿಗೆ ಮೂಗು ಒಣಗುತ್ತದೆ ಅಂತ ಕಾಕಾ ಹೇಳಿದರು, ಗಾಳಿ ತೇವ ಮಾಡುವ ನೀರಿನ ಡಬ್ಬಿಯನ್ನು ಒಂದು ಅಂಕಿ ಏರಿಸಿಕೊಟ್ಟೆ.

ಹೊರಡುವ ಮುಂಚೆ ಒಂದು ಸಣ್ಣ ಚೀಟಿ ಬರೆದು, ಪ್ಲಾಸ್ಟಿಕ್ ಹೊದಿಸಿ ಕೊಟ್ಟೆ. "ನಾನು ರಾತ್ರಿ ಉಸಿರಿನ ಮಷಿನ್ ಹಾಕುತ್ತೇನೆ. ನೋವಿಗೆ, ನಿದ್ರೆಗೆ, ಕೆಮ್ಮಿಗೆ ಯಾವ ಔಷಧಿ ಕೊಡುವ ಮುಂಚೆಯೂ ನಮ್ಮ ಡಾಕ್ಟರಿಗೆ ಫೋನ್ ಮಾಡಿ." ಕೆಳಗೆ ನಂಬರ್. ಕಾಕಾ ಅದನ್ನು ಅಂಗಿಯ ಜೇಬಿಗೆ ಇಟ್ಟುಕೊಂಡರು, ಆ ಮಾತ್ರೆ ಪಟ್ಟಿ ಇದ್ದ ಅದೇ ಜೇಬಿಗೆ. ಕಾಕು ಕೈ ಹಾಕಿ ಅದನ್ನು ತೆಗೆದು ತಮ್ಮ ಚೀಲದಲ್ಲಿ ಇಟ್ಟುಕೊಂಡರು. "ನಿಮ್ಮ ಅಂಗಿ ತೊಳಿಯಾಕ ಹೋಗ್ತೈತಿ. ಇದು ನನ್ನ ಹತ್ರ ಇರ್ಲಿ."

ಮುಂದಿನ ಸಲ ಕಾರ್ಡ್ ನೋಡುವುದು ಮಾರ್ಚ್‌ನಲ್ಲಿ, ಹಣ್ಣು ಇಳಿದು ಮಣೂಕ ಶೆಡ್ಡಿಗೆ ಹೋದ ಮೇಲೆ.